‘ನಿಮ್ಮ ಉದ್ದೇಶ ಸರಿ ಇಲ್ಲ’ ಅಂದ ಮೇಷ್ಟ್ರು

ಪ್ರಶ್ನೆ: ಸರ್, ನಾನು ಹಾಸನದವನು. ವಯಸ್ಸು 31, ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೈಸ್ಕೂಲಿನಲ್ಲಿ ಕರಾಟೆ ಕಲಿತು ಅರ್ಧಕ್ಕೆ ಬಿಟ್ಟಿದ್ದೆ. ಈಗ ಚೀನಾದ ತೈ ಚಿ ಥರದ ಒಳಶಕ್ತಿಯ ಕಾದಾಟದ ವಿದ್ಯೆ ಕಲಿಯೋಣ ಅಂತ ಸ್ನೇಹಿತನ ಜೊತೆ ಒಬ್ಬ ಮೇಷ್ಟ್ರ ಹತ್ತಿರ ಹೋದೆ. ‘ಯಾಕೆ ಕಲಿಯಬೇಕು?’ ಅಂತ ಕೇಳಿದರು. ‘ಯಾರಿಗೂ ಹೆದರದ ಹಾಗೆ ಆಗಬೇಕು ಸರ್, ಆ ಒಳಗಿನ ಶಕ್ತಿ ಬರಬೇಕು’ ಅಂದೆ. ‘ನಿಮ್ಮ ಉದ್ದೇಶ ಸರಿ ಇಲ್ಲ, ಮನಸ್ಸಿನಲ್ಲಿ ಹಿಂಸೆ ಇದೆ. 3 ವರ್ಷ ಮಾಮೂಲಿ ಕ್ಲಾಸಿಗೆ ಬನ್ನಿ, ಆಮೇಲೆ ನೋಡೋಣ’ ಅಂದರು. ಒಳಗಿನ ಕ್ಲಾಸಿಗೆ ಬೇರೆ ಫೀಸು, ದೀಕ್ಷೆ ಎಲ್ಲ ಇದೆಯಂತೆ. ಸ್ನೇಹಿತ ‘ಮನಶ್ಶಾಂತಿಗೆ’ ಅಂದ. ಅವನನ್ನು ಅವತ್ತೇ ಒಳಗಿನ ಕ್ಲಾಸಿಗೆ ಸೇರಿಸಿಕೊಂಡರು. ನಿಜ ಹೇಳಿ ನಾನು ತಪ್ಪು ಮಾಡಿದೆನಾ? ಈ ವಿದ್ಯೆಗೆ ಉದ್ದೇಶ ಅಷ್ಟು ಮುಖ್ಯವಾ? ಮುಚ್ಚಿಟ್ಟು ಕಲಿಸುವಂಥದ್ದು ನಿಜವಾಗಲೂ ಏನಾದರೂ ಇದೆಯಾ?

ಉತ್ತರ: ನೀವು ಏನೂ ತಪ್ಪು ಮಾಡಿಲ್ಲ ಮಾರಾಯ್ರೇ. ನಿಮ್ಮ ಸ್ನೇಹಿತ ಪಾಸಾದದ್ದು ಉದ್ದೇಶ ಒಳ್ಳೆಯದು ಅಂತಲ್ಲ, ಉತ್ತರ ಗೊತ್ತಿತ್ತು ಅಂತ. ‘ಯಾಕೆ ಕಲಿಯಬೇಕು’ ಅನ್ನುವುದನ್ನು ಪರೀಕ್ಷೆ ಮಾಡಿಬಿಟ್ಟರೆ ಅದರಲ್ಲಿ ಸಿಕ್ಕಿಬೀಳುವುದು ನಿಜ ಹೇಳುವವರು ಮಾತ್ರ. ಸುಳ್ಳು ಹೇಳಿದವನು ಚಹಾ ಕುಡಿದುಕೊಂಡು ಒಳಗೆ ಕೂತಿರುತ್ತಾನೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ನನ್ನದೇ ಉದ್ದೇಶ ಎಂಥದ್ದಿತ್ತು ಕೇಳಿ. ಚಿಕ್ಕಮಗಳೂರಿನಲ್ಲಿ ಬೆಳಿಗ್ಗೆ ಹೊತ್ತು ತೈ ಚಿ ಹೇಳಿಕೊಡಲು ಶುರುಮಾಡಿ 19 ವರ್ಷವಾಯಿತು. ಈಗ ಜನ ನನ್ನನ್ನು ಶಾಂತ ಸ್ವಭಾವದವರು ಅಂತಾರೆ. ಆದರೆ ನಾನು ಈ ಕಡೆ ತಿರುಗಿದ್ದು 22ನೇ ವಯಸ್ಸಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸೀಟಿಗೆ ಟವೆಲ್ ಹಾಕಿದ ಜಗಳದಲ್ಲಿ ಒಬ್ಬ ನನ್ನ ಕೆನ್ನೆಗೆ ಬಾರಿಸಿದ ಮೇಲೆ. ಊರಿನವರೆಲ್ಲ ನೋಡಿದರು. ನಾನು ಕೈ ಎತ್ತಲಿಲ್ಲ, ಎತ್ತಲು ಆಗಲಿಲ್ಲ, ಮೊಣಕಾಲು ನಡುಗುತ್ತಿತ್ತು. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದಾಗ ಒಬ್ಬ ಮೇಷ್ಟ್ರನ್ನು ಹುಡುಕಿ ಅವರ ಮನೆ ಮುಂದೆ ನಿಂತದ್ದು ಆ ಕೆನ್ನೆಯ ಉರಿ ಆರಿರಲಿಲ್ಲ ಅಂತ. ಆ ಪುಣ್ಯಾತ್ಮ ಯಾಕೆ ಅಂತ ಕೇಳಲೇ ಇಲ್ಲ. ‘ನಾಳೆ ಬೆಳಿಗ್ಗೆ 5:30ಕ್ಕೆ ಬರ್ತೀಯಾ?’ ಅಂದರು, ಅಷ್ಟೇ. ಆಮೇಲೆ ಗೊತ್ತಾಯಿತು, ಅವರ ಪ್ರವೇಶ ಪರೀಕ್ಷೆ ಅದೊಂದೇ. ಅರ್ಧ ಜನ ಅದರಲ್ಲೇ ಫೇಲ್.

ನಮ್ಮ ಕಡೆಯ ಕತೆಯನ್ನೇ ನೋಡಿ. ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ ಹುಲಿ ಬಂದಾಗ ಜೈನ ಮುನಿ ಸುದತ್ತರು ಶಿಷ್ಯನಿಗೆ ಹೇಳಿದ್ದು ‘ಹೊಯ್ ಸಳ’ ಅಂತ. ‘ಸಳ, ನಿನ್ನ ಉದ್ದೇಶ ಶುದ್ಧವಾಗಿದೆಯಾ’ ಅಂತ ವಿಚಾರಿಸಿದ್ದರೆ ಬೇಲೂರು ಹಳೇಬೀಡು ಎರಡೂ ಇರುತ್ತಿರಲಿಲ್ಲ. ಇದು ದಂತಕತೆ, ತಮಾಷೆಗೆ ಹೇಳಿದೆ. ಆದರೆ ಅಹಿಂಸೆ ಬೋಧಿಸುವ ಮುನಿಯೇ ಹೊಡಿ ಅಂದದ್ದು ಅನ್ನುವುದು ನನಗೆ ಯಾವಾಗಲೂ ಇಷ್ಟ.

ಸರಿ, ಈಗ ಈ ‘ಒಳಶಕ್ತಿ’ ಅಂದರೆ ಏನು ಅಂತ ನೋಡೋಣ. ಅದು ಗೊತ್ತಾಗದೆ ಮುಚ್ಚಿಟ್ಟದ್ದು ಏನು ಅಂತ ಗೊತ್ತಾಗುವುದಿಲ್ಲ.

ಚೀನಾದಲ್ಲಿ ಈ ಥರದ ವಿದ್ಯೆಗಳಿಗೆ ‘ನೇಯ್ ಜಿಯಾ’ ಅನ್ನುತ್ತಾರೆ, ಒಳಮನೆ ಅಂತ ಇಟ್ಟುಕೊಳ್ಳಿ. 1669ರಲ್ಲಿ ಹುವಾಂಗ್ ಜೋಂಗ್‌ಷಿ ಅನ್ನುವ ಪಂಡಿತ ಹೊಡೆದಾಟದ ವಿದ್ಯೆ ಬಲ್ಲ ಒಬ್ಬನ ಸಮಾಧಿಗೆ ಬರೆದ ಬರಹದಲ್ಲಿ ಶಾವೊಲಿನ್ ಮಠದ್ದು ಹೊರಗಿನ ವಿದ್ಯೆ, ಇದು ಒಳಗಿನದು ಅಂತ ಮೊದಲು ಬೇರೆ ಮಾಡಿದ. ಈಗ ನಾವು ಒಳಮನೆಗೆ ಸೇರಿಸುವುದು ಮುಖ್ಯವಾಗಿ ಮೂರನ್ನು: ತೈ ಚಿ, ಶಿಂಗ್ ಯಿ, ಬಾಗುವಾ. ಬಾಗುವಾದವರು ಗಂಟೆಗಟ್ಟಲೆ ವೃತ್ತದಲ್ಲಿ ನಡೆಯುತ್ತಾರೆ, ಗಾಣದ ಎತ್ತಿನ ಹಾಗೆ. ಶಿಂಗ್ ಯಿಯವರು ಮುಖ್ಯವಾಗಿ ಐದು ಹೊಡೆತ ಇಟ್ಟುಕೊಂಡು ಜೀವಮಾನ ಕಳೆಯುತ್ತಾರೆ. ತೈ ಚಿಯವರದ್ದು ನಿಮಗೆ ಗೊತ್ತು, ನಿಧಾನ.

ಒಳಶಕ್ತಿ ಅಂದರೆ ಬೆರಳಿನಿಂದ ಬೆಂಕಿ ಬರುವುದಲ್ಲ. ನೀವು ಹಾಸನದವರು, ನಿಮಗೆ ಸುಲಭವಾಗಿ ತೋರಿಸಬಹುದು. ಒಂದು ದಿನ ಎಪಿಎಂಸಿ ಯಾರ್ಡಿಗೆ ಹೋಗಿ ಆಲೂಗಡ್ಡೆ ಮೂಟೆ ಎತ್ತುವ ಹಮಾಲಿಗಳನ್ನು ನೋಡಿ. ಅದರಲ್ಲೂ ವಯಸ್ಸಾದವರನ್ನು. ಹೊಸ ಹುಡುಗ 50 ಕೆಜಿ ಮೂಟೆಯನ್ನು ತೋಳಿನಿಂದ ಎಳೆಯುತ್ತಾನೆ, ಮುಖ ಕೆಂಪಾಗುತ್ತದೆ, ಉಸಿರು ಕಟ್ಟುತ್ತದೆ. ಹಳಬ ಮೊದಲು ಮೂಟೆಗೆ ಮೈ ತಾಗಿಸುತ್ತಾನೆ. ಸೊಂಟ ಇಳಿಸುತ್ತಾನೆ. ಹೆಗಲು ಸಡಿಲ ಬಿಡುತ್ತಾನೆ. ಆಮೇಲೆ ಉಸಿರು ಬಿಡುತ್ತಾ ಕಾಲಿನಿಂದ ನೆಲ ಒತ್ತುತ್ತಾನೆ, ಮೂಟೆ ತಾನಾಗಿಯೇ ಬೆನ್ನಿಗೆ ಬಂದು ಕೂತ ಹಾಗೆ ಕಾಣುತ್ತದೆ. ಅವನ ತೋಳು ಬರೀ ಕೊಕ್ಕೆ. ಕೆಲಸ ಮಾಡಿದ್ದು ಪಾದ, ತೊಡೆ, ಸೊಂಟ, ಬೆನ್ನು, ಎಲ್ಲ ಒಂದೇ ಸಲ. ಅದನ್ನೇ ಇನ್ನೊಬ್ಬ ಮನುಷ್ಯ ನಿಮ್ಮನ್ನು ತಳ್ಳುತ್ತಿರುವಾಗ, ಅವನ ಭಾರ ಯಾವ ಕಡೆ ಇದೆ ಅಂತ ಚರ್ಮದಿಂದಲೇ ತಿಳಿದುಕೊಂಡು ಮಾಡುವುದು ನಮ್ಮ ವಿದ್ಯೆ. ಚೀನೀಯರು ಮೈಯೊಳಗಿನ ಪ್ರಾಣಶಕ್ತಿಗೆ ‘ಚಿ’ ಅನ್ನುತ್ತಾರೆ, ಹೊಕ್ಕುಳ ಕೆಳಗಿನ ಜಾಗಕ್ಕೆ ‘ದಾನ್ ತಿಯನ್’ ಅನ್ನುತ್ತಾರೆ, ಬಿಗಿ ಬಿಡುವುದಕ್ಕೆ ‘ಸೊಂಗ್’ ಅನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಚಿ ಅನ್ನುವುದು ನಿಜವಾಗಿ ಹರಿಯುತ್ತದಾ ಅಂತ ನನ್ನನ್ನು ಕೇಳಿದರೆ, ಕಲಿಸುವಾಗ ಆ ಮಾತು ಉಪಯೋಗಕ್ಕೆ ಬರುತ್ತದೆ, ಅಷ್ಟಕ್ಕೇ ನಾನು ಅದನ್ನು ಇಟ್ಟುಕೊಂಡಿದ್ದೇನೆ.

ನನ್ನ ಕ್ಲಾಸಿನಲ್ಲಿ ಒಬ್ಬ ರಿಟೈರ್ಡ್ ಟೀಚರಮ್ಮ ಇದ್ದಾರೆ. ಮಂಡಿ ನೋವು ಅಂತ ಬಂದವರು. ಜಗಳ ಹೊಡೆದಾಟ ಅಂದರೆ ಎದ್ದು ಹೋಗುವವರು. ಆರೇಳು ವರ್ಷ ಆದ ಮೇಲೆ ಒಂದು ಬೆಳಿಗ್ಗೆ, ಜಿಮ್ಮಿನಲ್ಲಿ ಮೈ ಬೆಳೆಸಿದ ಒಬ್ಬ ಹುಡುಗ ಬಂದ. 85 ಕೆಜಿ ಇದ್ದಿರಬೇಕು. ಕೈತಳ್ಳಾಟಕ್ಕೆ ಅವನನ್ನು ಟೀಚರಮ್ಮನ ಎದುರು ನಿಲ್ಲಿಸಿದೆ. ಚೀನೀ ಭಾಷೆಯಲ್ಲಿ ಅದು ‘ತುಯ್ ಷೋ’. ಮುಂಗೈಗೆ ಮುಂಗೈ ತಾಗಿಸಿ, ಕಾಲು ಕದಲಿಸದೆ ಒಬ್ಬರನ್ನೊಬ್ಬರು ನೆಲೆ ತಪ್ಪಿಸುವ ಆಟ. ಹುಡುಗ ಮೊದಲು ಮೆಲ್ಲಗೆ ತಳ್ಳಿದ, ಪಾಪ, ವಯಸ್ಸಾದವರು ಅಂತ. ಏನೂ ಆಗಲಿಲ್ಲ. ಎರಡನೇ ಸಲ ಸ್ವಲ್ಪ ಜೋರಾಗಿ. ಅವರ ಕೈ ಅವನ ಕೈಯನ್ನು ಬಿಡಲಿಲ್ಲ, ತಡೆಯಲೂ ಇಲ್ಲ. ಸೊಂಟ ಮಾತ್ರ ಬಾಗಿಲ ತಿರುಗಣಿ ಹಾಗೆ ಒಂದು ಸ್ವಲ್ಪ ತಿರುಗಿತು. ಹುಡುಗ ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸಿ ಗೋಡೆ ಹಿಡಿದುಕೊಂಡ. ‘ನಾನೇನೂ ಮಾಡಿಲ್ಲಪ್ಪಾ’ ಅಂತ ಟೀಚರಮ್ಮನಿಗೇ ಗಾಬರಿ. ಆಮೇಲೆ ಕೇಳಿದಾಗ ಹೇಳಿದರು, ‘ನಮ್ಮನೇಲಿ ಹಸು ಹಗ್ಗ ಜಗ್ಗಿದಾಗ ಎದುರು ಜಗ್ಗಿದರೆ ಕೈ ಕಿತ್ತು ಬರುತ್ತೆ ಸರ್, ಅದು ಹೋದ ಕಡೆ ನಾಲ್ಕು ಹೆಜ್ಜೆ ಹೋಗಿ ಪಕ್ಕಕ್ಕೆ ತಿರುಗಿಸಬೇಕು.’ ನಾನು ಮೂರು ವರ್ಷ ಬಾಯಿ ನೋಯಿಸಿಕೊಂಡು ಹೇಳಿದ್ದನ್ನು ಅವರು ಹಸುವಿನ ಹಗ್ಗದಲ್ಲಿ ಮುಗಿಸಿಬಿಟ್ಟರು.

ಇದರಲ್ಲಿ ಗುಟ್ಟು ಎಲ್ಲಿದೆ ಹೇಳಿ? ಎಲ್ಲ ಎದುರಿಗೇ ಇದೆ. ಬೇಸರ ಬರುವಷ್ಟು ಎದುರಿಗಿದೆ. ದಿನಾ ಕಾಲು ಗಂಟೆ ಮರದ ಹಾಗೆ ನಿಲ್ಲು ಅಂದರೆ ಯಾರು ನಿಲ್ಲುತ್ತಾರೆ? ಈ ವಿದ್ಯೆಗೆ ಬಾಗಿಲು ಇರುವುದು ಅಲ್ಲಿ.

ಹಾಗಾದರೆ ಹಳೆಯ ಕಾಲದಲ್ಲಿ ಯಾಕೆ ಮುಚ್ಚಿಡುತ್ತಿದ್ದರು ಅಂತ ನೀವು ಕೇಳಬಹುದು. ಮುಚ್ಚಿಟ್ಟದ್ದು ನಿಜ. ಆದರೆ ಕಾರಣ ಆಧ್ಯಾತ್ಮ ಅಲ್ಲ, ಹೊಟ್ಟೆಪಾಡು. ಹೆನಾನ್ ಪ್ರಾಂತ್ಯದಲ್ಲಿ ಚೆನ್ ಜಿಯಾ ಗೋವ್ ಅಂತ ಒಂದು ಊರು, ಚೆನ್ ಮನೆತನದವರದ್ದು. 17ನೇ ಶತಮಾನದ ಚೆನ್ ವಾಂಗ್ ತಿಂಗ್ ಕಾಲದಿಂದ ಅವರ ಮನೆಯಲ್ಲಿ ಈ ವಿದ್ಯೆ ಇತ್ತು. ಆಗ ಚೀನಾದಲ್ಲಿ ವ್ಯಾಪಾರಿಗಳ ಸರಕು ದರೋಡೆಕೋರರ ದಾರಿಯಲ್ಲಿ ಹೋಗಬೇಕಿತ್ತು. ಕಾವಲಿಗೆ ಹೋಗುವುದೇ ಹೊಡೆದಾಟ ಬಲ್ಲವರ ಸಂಬಳದ ಕೆಲಸ. ನಿಮ್ಮ ಪಟ್ಟು ಎದುರಾಳಿಗೆ ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲವು ಸಲ ತಲೆಯೂ ಹೋಗುತ್ತದೆ. ಅಂಥ ಕಾಲದಲ್ಲಿ ಹೊರಗಿನವನಿಗೆ ಕಲಿಸಬೇಡ ಅಂದರೆ ಅರ್ಥ ಇದೆ.

ಆ ಬಾಗಿಲನ್ನು ದಾಟಿದವನು ಯಾಂಗ್ ಲುಚಾನ್ (1799–1872). ಚೆನ್ ಮನೆತನದವನಲ್ಲ. ಚೆನ್ ಚಾಂಗ್ ಶಿಂಗ್ ಅವನಿಗೆ ಕಲಿಸಿದ. ಆಳಾಗಿ ಸೇರಿಕೊಂಡು ರಾತ್ರಿ ಗೋಡೆ ಸಂದಿಯಿಂದ ನೋಡಿ ಕಲಿತ ಅಂತ ಕತೆ ಕಟ್ಟಿದ್ದಾರೆ. ಉಪ್ಪು ಖಾರ ಜಾಸ್ತಿಯಾಗಿದೆ, ಆದರೆ ಆ ಕತೆ ಯಾಕೆ ಅಷ್ಟು ಜನಪ್ರಿಯ ಅಂತ ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಅದೇ 17ನೇ ಶತಮಾನದಲ್ಲಿ ಯೆಮೆನ್ನಿನ ಮೋಕಾ ಬಂದರಿನವರು ಹಸಿ ಕಾಫಿ ಬೀಜ ಹೊರಗೆ ಹೋಗದ ಹಾಗೆ ಕಾಯುತ್ತಿದ್ದರು, ಬಾಬಾಬುಡನ್ ಏಳು ಬೀಜ ಬಚ್ಚಿಟ್ಟುಕೊಂಡು ತಂದು ನಮ್ಮ ಗಿರಿಯಲ್ಲಿ ಹಾಕಿದರು ಅನ್ನುತ್ತಾರಲ್ಲ. ಕದ್ದು ತಂದ ಬೀಜದಿಂದ ಇಡೀ ಜಿಲ್ಲೆ ಅನ್ನ ತಿನ್ನುತ್ತಿದೆ. ಬಾಬಾ ಅವರ ಉದ್ದೇಶ ಏನಿತ್ತು ಅಂತ ಯಾರಾದರೂ ಕೇಳುತ್ತಾರಾ?

ಯಾಂಗ್ ಲುಚಾನ್ ಬೀಜಿಂಗಿಗೆ ಹೋಗಿ ಕಲಿಸಿದ. ಮೊಮ್ಮಗ ಯಾಂಗ್ ಚೆಂಗ್‌ಫು ಅದನ್ನು ನಿಧಾನ, ಸಮ ಗತಿಗೆ ತಂದು ಊರೂರಿಗೆ ಹಂಚಿದ. ಸುನ್ ಲುತಾಂಗ್ ಮೂರೂ ವಿದ್ಯೆ ಬಲ್ಲವನು, 1915ರಲ್ಲಿ ಶಿಂಗ್ ಯಿ ಬಗ್ಗೆ ಪುಸ್ತಕವನ್ನೇ ಅಚ್ಚು ಹಾಕಿಸಿದ. 1956ರಲ್ಲಿ ಚೀನಾ ಸರ್ಕಾರವೇ ಕೂತು 24 ಭಂಗಿಯ ಚಿಕ್ಕ ತೈ ಚಿ ಮಾಡಿತು, ಪಾರ್ಕಿನಲ್ಲಿ ಯಾರು ಬೇಕಾದರೂ ಐದಾರು ನಿಮಿಷದಲ್ಲಿ ಮುಗಿಸಬಹುದು. 2020ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೂ ಸೇರಿತು. ಹೀಗೆ ಬೀಗ ಒಡೆದು ನೂರು ವರ್ಷ ಆದ ಮೇಲೆ ಒಬ್ಬ ಮೇಷ್ಟ್ರು ಇದು ಗುಪ್ತವಿದ್ಯೆ ಅಂದರೆ, ಯಾರಿಂದ ಗುಪ್ತ ಅಂತ ಕೇಳಬೇಕಾಗುತ್ತದೆ.

ಆದರೂ ಬಾಗಿಲೇ ಬೇಡ ಅಂತ ನಾನು ಹೇಳುವುದಿಲ್ಲ. ಕೇರಳದ ಕಳರಿಪಯಟ್ಟಿನಲ್ಲಿ ಮರ್ಮದ, ಅಂದರೆ ಏಟು ಬಿದ್ದರೆ ಜೀವಕ್ಕೇ ಅಪಾಯವಾಗುವ ಜಾಗಗಳ, ಪಾಠವನ್ನು ಕೊನೆಗೆ ಇಟ್ಟಿರುತ್ತಾರೆ, ನಂಬಿಕೆಯ ಶಿಷ್ಯನಿಗೆ ಮಾತ್ರ. ಅದು ಸರಿಯೇ. ಕತ್ತಿನ ಹಿಡಿತ, ಕೀಲು ತಿರುಚುವ ಪಟ್ಟು, ಇವನ್ನು ಬಂದ ವಾರಕ್ಕೇ ನಾನೂ ಕಲಿಸುವುದಿಲ್ಲ. ಕಾರಣ ಇಷ್ಟೇ: ನಿಮ್ಮ ಜೊತೆ ಆಡುವವನ ಮಣಿಕಟ್ಟು ಸೋಮವಾರ ಕೆಲಸಕ್ಕೆ ಬೇಕು. ನಮ್ಮ ಗರಡಿ ಮನೆಗಳಲ್ಲಿ ಉಸ್ತಾದರು ನೋಡುತ್ತಿದ್ದದ್ದೂ ಇದನ್ನೇ. ಹುಡುಗ ಕೈಕಾಲು ತೊಳೆದು ಬಂದನಾ, ಮಟ್ಟಿ ಅಗೆದನಾ, ಚಿಕ್ಕವರ ಜೊತೆ ಆಡುವಾಗ ಕೈ ಹಗುರ ಮಾಡುತ್ತಾನಾ, ಸೋತಾಗ ಮುಖ ಊದಿಸಿಕೊಳ್ಳುತ್ತಾನಾ. ಆರು ತಿಂಗಳು ಬಸ್ಕಿ ಹೊಡೆಸುತ್ತಾ ಕಣ್ಣಲ್ಲೇ ಅಳೆಯುತ್ತಿದ್ದರು. ‘ನಿನ್ನ ಉದ್ದೇಶ ಏನು’ ಅಂತ ಕೇಳಿದ ಉಸ್ತಾದರನ್ನು ನಾನಂತೂ ಕಂಡಿಲ್ಲ.

ಅದೇ ಗರಡಿಗಳಲ್ಲಿ ಇನ್ನೊಂದು ಕತೆಯೂ ಓಡಾಡುತ್ತದೆ, ಬೆಕ್ಕು ಹುಲಿಗೆ ಎಲ್ಲ ವಿದ್ಯೆ ಕಲಿಸಿ ಮರ ಹತ್ತುವುದನ್ನು ಮಾತ್ರ ಕಲಿಸಲಿಲ್ಲ ಅಂತ. ಅದೇ ಕತೆ ಚೀನಾದಲ್ಲೂ ಇದೆ. ಗುರುಗಳು ಇದನ್ನು ಬೆಕ್ಕಿನ ಜಾಣತನ ಅಂತ ಹೇಳುತ್ತಾರೆ. ನನಗೆ ಅನ್ನಿಸುವುದು, ಪ್ರತಿ ತಲೆಮಾರೂ ಒಂದೊಂದು ಪಟ್ಟು ಇಟ್ಟುಕೊಂಡು ಸತ್ತರೆ ಹತ್ತನೇ ತಲೆಮಾರಿಗೆ ಉಳಿಯುವುದು ಬರೀ ನಮಸ್ಕಾರ.

ಈಗ ನನ್ನ ತಪ್ಪಿನ ವಿಷಯ. ಸುಮಾರು 12 ವರ್ಷದ ಹಿಂದೆ ಒಂದು ಎಸ್ಟೇಟಿನ ರೈಟರ್ ಹುಡುಗ ಬಂದಿದ್ದ. ರೈಟರ್ ಅಂದರೆ ಕತೆ ಬರೆಯುವವನಲ್ಲ, ಹೊರಗಿನವರಿಗೆ ಹೇಳುತ್ತೇನೆ, ತೋಟದ ಆಳುಗಳ ಹಾಜರಿ ಬರೆಯುವವನು. ಯಾಕಪ್ಪಾ ಅಂದೆ. ‘ಅಣ್ಣನಿಗೆ ಹೊಡೀಬೇಕು ಸರ್’ ಅಂದ. ನನಗೆ ಆಗ ಹೊಸದಾಗಿ ಗುರುಗಿರಿ ತಲೆಗೆ ಹತ್ತಿತ್ತು. ಇದು ಸೇಡಿನ ವಿದ್ಯೆ ಅಲ್ಲ ಅಂತ ಅರ್ಧ ಗಂಟೆ ಭಾಷಣ ಮಾಡಿ ಕಳಿಸಿದೆ. ಅವನು ತಲೆ ಬಗ್ಗಿಸಿ ಕೇಳಿದ, ಚಪ್ಪಲಿ ಹಾಕಿಕೊಂಡು ಹೋದ. ಎರಡು ವರ್ಷ ಬಿಟ್ಟು ಪಕ್ಕದ ತೋಟದವರಿಂದ ಗೊತ್ತಾಯಿತು. ಆ ಅಣ್ಣ ಕುಡಿದು ಬಂದು ತಾಯಿಗೆ ಹೊಡೆಯುತ್ತಿದ್ದನಂತೆ. ಈ ಹುಡುಗ ನಡುವೆ ಹೋಗಿ ಏಟು ತಿನ್ನುತ್ತಿದ್ದನಂತೆ. ನಾನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವತ್ತೇ ತಿಳಿಯುತ್ತಿತ್ತು. ಕೇಳಲಿಲ್ಲ. ಅವನು ಈಗ ಎಲ್ಲಿದ್ದಾನೋ ಗೊತ್ತಿಲ್ಲ, ಆ ತೋಟ ಕೈ ಬದಲಾಯಿತು.

ಅದಾದ ಮೇಲೆ ನಾನು ಯಾಕೆ ಅಂತ ಕೇಳುತ್ತೇನೆ, ಆದರೆ ಫೇಲ್ ಮಾಡಲಿಕ್ಕಲ್ಲ. ಮಂಡಿ ನೋವು ಅಂದವರಿಗೆ ಎಷ್ಟು ಬಗ್ಗಿಸಬೇಕು ಅಂತ ನನಗೆ ಗೊತ್ತಿರಬೇಕು. ಭಯ ಅಂದವರ ಬೆನ್ನ ಹಿಂದೆ ದಿಢೀರನೆ ಹೋಗಿ ನಿಲ್ಲಬಾರದು. ಅಷ್ಟಕ್ಕೆ. ಮತ್ತೆ ನಾನು ನೋಡಿದ ಹಾಗೆ, ಉದ್ದೇಶ ಅನ್ನುವುದು ಬರುವಾಗ ಒಂದು, ಎರಡು ಮಳೆಗಾಲ ಕಳೆದ ಮೇಲೆ ಇನ್ನೊಂದು. ಕೋಪದಿಂದ ಬಂದವರು, ಹೆದರಿಕೆಯಿಂದ ಬಂದವರು ಜಾಸ್ತಿ ದಿನ ನಿಲ್ಲುತ್ತಾರೆ, ಯಾಕಂದರೆ ಅವರಿಗೆ ದಿನವೂ ಅದು ಬೇಕು. ಬೇಗ ಬಿಟ್ಟು ಹೋಗುವವರು ಯಾರು ಗೊತ್ತಾ? ‘ಚಿ ಶಕ್ತಿ ಅನುಭವ ಆಗಬೇಕು’ ಅಂತ ಬರುವವರು. ಹದಿನೈದು ದಿನ ನಿಂತು ತೊಡೆ ನೋವು ಬಿಟ್ಟು ಬೇರೇನೂ ಅನುಭವ ಆಗದಿದ್ದಾಗ ಅವರಿಗೆ ಬೇಜಾರು. ನಿಮ್ಮ ಉತ್ತರದಲ್ಲಿ ಎರಡೂ ಇತ್ತು. ಹೆದರಿಕೆಯ ಭಾಗ ನನಗೆ ಇಷ್ಟವಾಯಿತು. ‘ಆ ಒಳಗಿನ ಶಕ್ತಿ’ ಅನ್ನುವ ಭಾಗ ಸ್ವಲ್ಪ ವಿಡಿಯೊ ನೋಡಿದ್ದರ ಪ್ರಭಾವ ಅಲ್ವಾ?

ಇನ್ನು ಆ ಮೇಷ್ಟ್ರ ಕಡೆ ಬರೋಣ. ಅವರು ನಿಮ್ಮ ಉದ್ದೇಶ ಕೇಳಿದರು. ನೀವು ಅವರದ್ದು ಕೇಳಿದಿರಾ? 3 ವರ್ಷ ಕಾಯಬೇಕಾದದ್ದು ನಿಮ್ಮ ಹಿಂಸೆ ಕರಗಲಿ ಅಂತ ಆದರೆ, ಅದು ಕರಗಿದ ಮೇಲೆ ಬೇರೆ ಫೀಸು ಯಾಕೆ? ದೀಕ್ಷೆ ಅನ್ನುವುದು ಚೀನಾದಲ್ಲೂ ಇದೆ, ‘ಬಾಯ್ ಶಿ’ ಅನ್ನುತ್ತಾರೆ, ಶಿಷ್ಯ ಗುರುವಿಗೆ ಚಹಾ ಕೊಟ್ಟು ತಲೆ ಬಾಗುತ್ತಾನೆ, ಮನೆಮಗನ ಹಾಗೆ ಆಗುತ್ತಾನೆ. ಆದರೆ ಅದು ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೋಡಿದ ಮೇಲೆ ಆಗುವುದು, ಹೆಣ್ಣು ಗಂಡು ಎರಡೂ ಕಡೆಯವರು ಒಪ್ಪಿದ ಸಂಬಂಧದ ಹಾಗೆ. ರೇಟ್ ಬೋರ್ಡ್ ಹಾಕಿ ಮಾಡುವಂಥದ್ದಲ್ಲ. ಫೀಸು ತಗೊಳ್ಳುವುದು ತಪ್ಪಲ್ಲ, ನಾನೂ ತಗೊಳ್ಳುತ್ತೇನೆ, ಮೇಷ್ಟ್ರಿಗೂ ಗ್ಯಾಸ್ ಸಿಲಿಂಡರ್ ಬೇಕು. ಪಾಠಕ್ಕೆ ಫೀಸು ಸರಿ, ಗುಟ್ಟಿಗೆ ಫೀಸು ಅಂದಾಗ ನನಗೆ ಅನುಮಾನ ಬರುತ್ತದೆ.

ಇನ್ನೂ ದೊಡ್ಡ ಅನುಮಾನದ ವಿಷಯ, ಮುಟ್ಟದೆ ಬೀಳಿಸುವುದು. ಮೇಷ್ಟ್ರು ಕೈ ಬೀಸುತ್ತಾರೆ, ಶಿಷ್ಯ ಹತ್ತಡಿ ಹಿಂದಕ್ಕೆ ಹಾರುತ್ತಾನೆ. ಇದನ್ನು ನೀವು ವಿಡಿಯೊದಲ್ಲಿ ನೋಡಿರುತ್ತೀರಿ. ಇದರಲ್ಲಿ ಗುರುವಿನ ಮೋಸಕ್ಕಿಂತ ಶಿಷ್ಯನ ಮರ್ಯಾದೆ ಜಾಸ್ತಿ ಕೆಲಸ ಮಾಡುತ್ತದೆ. ನಾನೂ ಬಿದ್ದಿದ್ದೇನೆ. ಒಂದು ಶಿಬಿರದಲ್ಲಿ ಹೆಸರು ಮಾಡಿದ ಒಬ್ಬ ಗುರುಗಳು ನನ್ನ ಎದೆಯ ಮುಂದೆ ಕೈ ಇಟ್ಟರು, ಮುಟ್ಟಲಿಲ್ಲ. ಸುತ್ತ 40 ಜನ ನೋಡುತ್ತಿದ್ದರು. ನನಗಿಂತ ಮೊದಲು ನಿಂತ ಮೂವರೂ ಬಿದ್ದಿದ್ದರು. ಬೀಳದೆ ನಿಂತರೆ ಅವರಿಗೆ ಅವಮಾನ, ನನಗೆ ‘ಇವನಲ್ಲಿ ಗ್ರಹಿಸುವ ಶಕ್ತಿ ಇಲ್ಲ’ ಅನ್ನುವ ಪಟ್ಟ. ಬಿದ್ದೆ. ಬೀಳುವಾಗ ನಿಜವಾಗಿಯೂ ಏನೋ ತಳ್ಳಿದ ಹಾಗೆ ಅನ್ನಿಸಿತು ಅನ್ನುವುದು ಇನ್ನೂ ನಾಚಿಕೆಗೇಡು. ಸಂಜೆ ರೂಮಿನಲ್ಲಿ ಒಬ್ಬನೇ ಕೂತಾಗ ಮೈಯೆಲ್ಲ ಹಿಂಡಿದ ಹಾಗಾಯಿತು. ಮಾರನೆಯ ದಿನ ಶಿಬಿರಕ್ಕೆ ಹೋಗಲಿಲ್ಲ.

ಚೀನಾದಲ್ಲಿ ಇದು ಬಹಿರಂಗವಾಗಿ ಬಯಲಾದದ್ದು 2017ರ ಏಪ್ರಿಲ್‌ನಲ್ಲಿ. ಶು ಶಿಯಾವೊದೊಂಗ್ ಅನ್ನುವ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಆಟಗಾರ ಚೆಂಗ್ದುವಿನಲ್ಲಿ ಒಬ್ಬ ತೈ ಚಿ ಗುರುವಿನ ಜೊತೆ ಕಾದಾಡಿದ. ಗುರು ಸೋಲಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ತೈ ಚಿಯವರು ಶು ಮೇಲೆ ಸಿಟ್ಟಾದರು. ನನಗೆ ಸಿಟ್ಟು ಬರಲಿಲ್ಲ. ಹೊರಗಿನವನು ಒಬ್ಬ ಬಂದು ಸುಮ್ನೆ ತಳ್ಳಿ ನೋಡದ ಮನೆಯಲ್ಲಿ ಎಂಥ ಶಕ್ತಿಯೂ ಬೆಳೆಯುತ್ತದೆ. ಬಾಗಿಲು ಹಾಕಿಕೊಳ್ಳುವುದರ ನಿಜವಾದ ನಷ್ಟ ಇದು. ಬರುವ ಶಿಷ್ಯರಿಗಿಂತ ಒಳಗಿರುವ ಗುರುವಿಗೇ ಅದರಿಂದ ಹಾನಿ ಜಾಸ್ತಿ.

ಅದಕ್ಕೆ ನಿಮಗೂ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹೆದರಿಕೆಗೆ ಎದುರಿಗೇ ಒಬ್ಬ ಮನುಷ್ಯ ಇದ್ದಾನೆ, ಆರು ತಿಂಗಳಲ್ಲಿ ತಯಾರಾಗಬೇಕು ಅನ್ನುವುದಾದರೆ ತೈ ಚಿ ಬೇಡ. ಬಾಕ್ಸಿಂಗ್ ಇಲ್ಲಾ ಜೂಡೋ ಕ್ಲಾಸಿಗೆ ಸೇರಿ. ಅಲ್ಲಿ ಮೊದಲ ವಾರದಲ್ಲೇ ಯಾರೋ ನಿಮ್ಮ ಮೂಗಿನ ಹತ್ತಿರ ಕೈ ತರುತ್ತಾರೆ, ನಿಮಗೆ ಬೇಕಾಗಿರುವುದು ಅದು. ತೈ ಚಿಯ ನಿಧಾನದ ಅಭ್ಯಾಸ ಒಂದನ್ನೇ ಮಾಡಿದರೆ ಹೊಡೆದಾಟ ಬರುವುದಿಲ್ಲ, ಇಪ್ಪತ್ತು ವರ್ಷ ಆದರೂ ಬರುವುದಿಲ್ಲ. ಅದಕ್ಕೆ ಬೇರೆ ಲಾಭ ಇದೆ. 2012ರಲ್ಲಿ ಅಮೆರಿಕದಲ್ಲಿ 195 ಪಾರ್ಕಿನ್ಸನ್ ರೋಗಿಗಳ ಮೇಲೆ ಮಾಡಿದ ಅಧ್ಯಯನ ಬಂತು. ವಾರಕ್ಕೆ ಎರಡು ಸಲದಂತೆ 24 ವಾರ. ತೈ ಚಿ ಮಾಡಿದವರ ಮೈ ಸಮತೋಲ ಬೇರೆ ವ್ಯಾಯಾಮ ಮಾಡಿದವರಿಗಿಂತ ಚೆನ್ನಾಗಿ ಸುಧಾರಿಸಿತ್ತು. ಬೀಳದೆ ನಿಲ್ಲುವುದು, ಅದು ಇದರ ಗಟ್ಟಿ ಭಾಗ. ಹೆದರಿಕೆ ನಿಮಗೆ ಯಾರೋ ಒಬ್ಬನ ಮೇಲಲ್ಲ, ಸುಮ್ನೆ ಒಳಗೇ ಇರುವಂಥದ್ದು ಅಂತ ಆದರೆ ಇಲ್ಲೇ ಇರಿ, ನಿಧಾನಕ್ಕೆ ಕೆಲಸ ಆಗುತ್ತದೆ.

ಆ ಮೇಷ್ಟ್ರ ಮಾಮೂಲಿ ಕ್ಲಾಸಿಗೆ ಬೇಕಾದರೆ ಒಂದು ತಿಂಗಳು ಹೋಗಿ ನೋಡಿ. ಅವರನ್ನು ಕೆಟ್ಟವರು ಅಂತ ನಾನು ಇಲ್ಲಿಂದಲೇ ತೀರ್ಮಾನ ಮಾಡಿದರೆ ನಾನೂ ಅದೇ ಕೆಲಸ ಮಾಡಿದ ಹಾಗೆ. ಅವರ ಹಳೆಯ ಶಿಷ್ಯರ ಮೈ ನೋಡಿ, ಮಾತು ಕೇಳಬೇಡಿ. ಹೊಸಬನ ಜೊತೆ ಆಡುವಾಗ ಮೇಷ್ಟ್ರು ತಮ್ಮನ್ನು ತಳ್ಳಲು ಬಿಡುತ್ತಾರಾ, ಕೆಲವು ಸಲ ಒಂದು ಹೆಜ್ಜೆ ಹಿಂದೆ ಹೋಗಿ ‘ಚೆನ್ನಾಗಿತ್ತು’ ಅಂತಾರಾ ನೋಡಿ. ಹಾಗೆ ಅಂದರೆ ಫೀಸು ಜಾಸ್ತಿ ಆದರೂ ಪರವಾಗಿಲ್ಲ. ಬಿಟ್ಟು ಹೋದವರ ಬಗ್ಗೆ ಏನು ಮಾತಾಡುತ್ತಾರೆ ಅಂತಲೂ ಕಿವಿ ಇಟ್ಟಿರಿ. ನಿಮ್ಮ ಸ್ನೇಹಿತ ಒಳಗಿನ ಕ್ಲಾಸಿನಲ್ಲಿ ಇದ್ದಾನಲ್ಲ, ಆರು ತಿಂಗಳು ಬಿಟ್ಟು ಅವನ ಮುಂಗೈಗೆ ಮುಂಗೈ ತಾಗಿಸಿ. ನಿಮಗೇ ಗೊತ್ತಾಗುತ್ತದೆ.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ, ನಿಂತುಕೊಳ್ಳಿ. ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರು ನೋಡುತ್ತಾರೆ ಅನ್ನಿಸಿದರೆ ಮನೆ ತಾರಸಿ ಸಾಕು. ಕಾಲು ಹೆಗಲಷ್ಟು ಅಗಲ, ಪಾದ ನೇರ ಮುಂದಕ್ಕೆ. ಮಂಡಿಯನ್ನು ಸ್ವಲ್ಪವೇ ಬಗ್ಗಿಸಿ, ಕುರ್ಚಿಗೆ ಕೂರಲು ಹೊರಟು ಮನಸ್ಸು ಬದಲಾಯಿಸಿದ ಹಾಗೆ. ಕೈ ಎದೆಯ ಮುಂದೆ, ದೊಡ್ಡ ಕುಕ್ಕೆಯನ್ನು ತಬ್ಬಿದ ಹಾಗೆ ದುಂಡಗೆ, ಮೊಣಕೈ ಕೆಳಕ್ಕೆ ಜೋತು ಬಿದ್ದಿರಲಿ. ಬಾಯಿ ಮುಚ್ಚಿ, ಹಲ್ಲು ಕಚ್ಚಬೇಡಿ. ಎರಡನೇ ನಿಮಿಷಕ್ಕೆ ಹೆಗಲು ತಾನಾಗಿಯೇ ಕಿವಿ ಕಡೆ ಏರಿರುತ್ತದೆ, ಇಳಿಸಿ. ಮತ್ತೆ ಏರುತ್ತದೆ, ಮತ್ತೆ ಇಳಿಸಿ. ಮೂರನೇ ನಿಮಿಷಕ್ಕೆ ತೊಡೆ ನಡುಗಲು ಶುರು. ಅದು ಚಿ ಅಲ್ಲ, ತೊಡೆ. ಮಂಡಿಯೊಳಗೆ ಚುಚ್ಚಿದ ಹಾಗೆ ನೋವಾದರೆ ಮಾತ್ರ ಮೇಲೆದ್ದುಬಿಡಿ, ತೊಡೆ ನೋವಿಗೆ ಏಳಬೇಡಿ. ಮೊದಲ ವಾರ 5 ನಿಮಿಷ, ಆಮೇಲೆ ವಾರಕ್ಕೆ ಒಂದೊಂದು ನಿಮಿಷ ಜಾಸ್ತಿ ಮಾಡಿ. 15 ನಿಮಿಷಕ್ಕೆ ಬಂದಾಗ ಮತ್ತೆ ಬರೆಯಿರಿ, ಮುಂದಿನದು ಹೇಳುತ್ತೇನೆ. ಬೂಟು ಬೇಡ, ಬರಿಗಾಲು ಇಲ್ಲಾ ತೆಳ್ಳಗಿನ ಕ್ಯಾನ್ವಾಸ್. ಮಳೆ ಬಂದರೆ ಜಗಲಿಗೆ ಬನ್ನಿ.